ಗೊತ್ತಿಲ್ಲ ಎಂದ ಪೂಜಾರಿ

ಊರದೇವತೆ ಸಪ್ಪಲಮ್ಮನ ಮುಖ ತೊಳೆಯುವುದಕ್ಕೆ ಮುನಿವೆಂಕಟಪ್ಪ ಒಂದು ದಿನವೂ ಬೋರ್‌ವೆಲ್ ನೀರು ಮುಟ್ಟಿದವನಲ್ಲ. ಗುಡಿಯ ಹಿಂದಿನ ಕಲ್ಲುಬಾವಿ ಪಾತಾಳಕ್ಕೆ ಇಳಿದ ವರ್ಷಗಳಲ್ಲೂ ಹಗ್ಗಕ್ಕೆ ಹಗ್ಗ ಗಂಟು ಹಾಕಿ ಒಂದು ಬಿಂದಿಗೆ ಸೇದಿಯೇ ಸೇದುತ್ತಿದ್ದ.

"ನಲ್ಲಿ ನೀರು ಹಾಕಿದ್ರೆ ನಿಮ್ಮಮ್ಮನಿಗೆ ನೆಗಡಿ ಆಗುತ್ತೇನೋ?" ಎಂದು ನಾನು ಕೆಣಕುತ್ತಿದ್ದೆ.

"ಆಗುತ್ತೋ ಇಲ್ವೋ ಗೊತ್ತಿಲ್ಲ ಕಣೋ. ನಮ್ಮಪ್ಪ ಸೇದ್ತಿದ್ದ, ನಾನೂ ಸೇದ್ತೀನಿ."

ಈ 'ಗೊತ್ತಿಲ್ಲ' ಅನ್ನುವುದು ಅವನಿಗೆ ನಾಲಿಗೆಯ ಮೇಲಿನ ಮಚ್ಚೆ ಇದ್ದ ಹಾಗೆ. ಮಳೆ ಬರುತ್ತಾ ಅಂದರೆ ಗೊತ್ತಿಲ್ಲ. ರೇಷ್ಮೆಗೂಡಿಗೆ ಶಿಡ್ಲಘಟ್ಟದಲ್ಲಿ ನಾಳೆ ರೇಟು ಏರುತ್ತಾ ಅಂದರೆ ಗೊತ್ತಿಲ್ಲ. ಆಡಿಕೊಂಡು ನಗುವುದಕ್ಕೆ ನಮಗೆ ಅದೊಂದು ವಸ್ತುವಾಗಿತ್ತು. ಕೊನೆಗೆ ಅದೇ ಒಂದು ಮಾತಿಗೆ ಅವನು ತಲೆತಲಾಂತರದ ಪೂಜಾರಿಕೆ ಕಳೆದುಕೊಂಡ. ಹೋದ ಸುಗ್ಗಿಯಲ್ಲಿ ಅವನು ತೀರಿಕೊಂಡಾಗ ಊರ ಬಾಯಲ್ಲಿ ಅವನಿಗೆ ಉಳಿದಿದ್ದ ಹೆಸರು ನಾಸ್ತಿಕ. ಆ ಹೆಸರು ಅವನಿಗೆ ಒಪ್ಪುವುದಿಲ್ಲ. ಒಪ್ಪುವ ಹೆಸರು ಯಾವುದು ಎಂದು ಅವನಿದ್ದಾಗಲೇ ಹುಡುಕಿಕೊಂಡು ಹೋದವನು ನಾನು. ಸಿಕ್ಕಿದ್ದನ್ನೂ ಸಿಗದೆ ಹೋದದ್ದನ್ನೂ ಬರೆದಿಡುತ್ತೇನೆ.

ನಮ್ಮದು ಕೆಂಚಾರ್ಲಹಳ್ಳಿ ಕಡೆಯ ಸೀಮೆ. ಹಿಪ್ಪುನೇರಳೆ ಸೊಪ್ಪು, ರೇಷ್ಮೆಹುಳು, ಒಂದಿಷ್ಟು ರಾಗಿ, ಟೊಮೆಟೊ. ಮುನಿವೆಂಕಟಪ್ಪನದೂ ಇದೇ ಬಾಳು. ಬೆಳಿಗ್ಗೆ ಗುಡಿ, ಆಮೇಲೆ ಸೊಪ್ಪಿನ ತೋಟ, ಹುಳುಮನೆ. ಆಳು ಉದ್ದ, ಗುಡಿಯ ಬಾಗಿಲು ಗಿಡ್ಡ. ದಿನಾ ಬಗ್ಗಿ ಬಗ್ಗಿ ಹೊರಗೂ ಹಾಗೇ ನಡೆಯುತ್ತಿದ್ದ, ಯಾರಿಗೋ ದಾರಿ ಬಿಟ್ಟುಕೊಡುವವನ ಹಾಗೆ. ಹೆಂಡತಿ ಚಿಕ್ಕವೆಂಕಟಮ್ಮ ಮಾತಿನಲ್ಲಿ ಗಂಡನಿಗೆ ತದ್ವಿರುದ್ಧ. ಅವಳಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ.

ಗುಡಿಯಲ್ಲಿ ಅವನ ದೊಡ್ಡ ಕೆಲಸ ಹೂ ಕೇಳಿಸುವುದು. ನಮ್ಮ ಕಡೆ ಹೆಣ್ಣು ಗೊತ್ತು ಮಾಡುವ ಮುಂಚೆ, ಬೋರು ಕೊರೆಸುವ ಮುಂಚೆ ಅಮ್ಮನ ಹತ್ತಿರ ಹೂ ಕೇಳುತ್ತಾರೆ. ಪೂಜಾರಿ ಅಮ್ಮನ ಕಲ್ಲನ್ನು ತೊಳೆದು, ಒದ್ದೆಯಿರುವಾಗಲೇ ಎರಡು ಭುಜಕ್ಕೂ ಒಂದೊಂದು ಕಣಗಿಲೆ ಹೂ ಅಂಟಿಸುತ್ತಾನೆ. ಕೇಳುವವರು ತಮ್ಮ ಮಾತು ಹೇಳಿ ಕೈಮುಗಿದು ಕೂರುತ್ತಾರೆ. ಕಲ್ಲು ಆರುತ್ತಾ ಬಂದ ಹಾಗೆ ಹೂ ಸಡಿಲಗೊಳ್ಳುತ್ತದೆ. ಬಲದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ.

"ಎರಡು ಹೂವನ್ನೂ ಒಂದೇ ಬೆರಳಲ್ಲಿ ಒತ್ತು, ಒಂದೇ ಭಾರದಲ್ಲಿ ಒತ್ತು. ಒತ್ತಿದ ಮೇಲೆ ಹಿಂದಕ್ಕೆ ಬಂದುಬಿಡು, ನಿನ್ನ ಉಸಿರು ಕೂಡ ತಾಗಬಾರದು" ಎಂದು ಅವನಪ್ಪ ಹೇಳಿಕೊಟ್ಟಿದ್ದ. ಆ ಮಾತಿಗೆ ಅವನು ಕೂದಲೆಳೆಯಷ್ಟೂ ತಪ್ಪಿದವನಲ್ಲ. ಹೂ ಬಿದ್ದ ಮೇಲೆ ಅದು ಅಮ್ಮನ ಮಾತೋ, ನೀರು ಆರಿದ್ದೋ ಎಂದು ನಾನು ಕೇಳಿದ್ದುಂಟು. ಆಗಲೂ ಅದೇ ಉತ್ತರ. ಗೊತ್ತಿಲ್ಲ.

ಓಬಳಮ್ಮನ ಗಂಡ ಮೋಹನ್‌ಬಾಬು ಲಾರಿ ಡ್ರೈವರು. ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಟೊಮೆಟೊ ತುಂಬಿಕೊಂಡು ಆಂಧ್ರದ ಕಡೆ ಹೋದವನು ಹಿಂದಕ್ಕೆ ಬರಲಿಲ್ಲ. ಕಡಪದ ಆಚೆ ರಸ್ತೆ ಪಕ್ಕ ಲಾರಿ ಸಿಕ್ಕಿತು. ಬೀಗದ ಕೈ ಅದರಲ್ಲೇ ಇತ್ತು, ಅವನ ಟವೆಲ್ಲು ಸೀಟಿನ ಮೇಲಿತ್ತು, ಮಾಲು ಕೊಳೆತು ನೀರಾಗಿತ್ತು. ಪೊಲೀಸರು ಹುಡುಕಿದರು, ಮನೆಯವರು ಊರೂರು ಅಲೆದರು. ಮನುಷ್ಯನೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಓಬಳಮ್ಮ ಕೈತುಂಬ ಬಳೆ, ಹಣೆತುಂಬ ಕುಂಕುಮ ಇಟ್ಟುಕೊಂಡೇ ವರ್ಷಗಟ್ಟಲೆ ಸೊಪ್ಪು ಕೊಯ್ದಳು, ಹುಳು ಮೇಯಿಸಿದಳು.

ಮೋಹನ್‌ಬಾಬುವಿನ ಅಣ್ಣ ಮುರಳಿಮೋಹನ್ ಕೆಟ್ಟವನಲ್ಲ. ತಮ್ಮನ ಹೆಂಡತಿಗೆ ಅನ್ನ ಬಟ್ಟೆ ಕಡಿಮೆ ಮಾಡಿದವನಲ್ಲ. ಅವನ ಮಗಳಿಗೆ ಗೌರಿಬಿದನೂರು ಕಡೆಯಿಂದ ಗಂಡು ಗೊತ್ತಾಯಿತು. ಆಗ ಬಂದವರೆಲ್ಲ ಒಂದೇ ಮಾತು ತೆಗೆದರು. ತಮ್ಮ ತೀರಿಕೊಂಡಿದ್ದರೆ ಅವನಿಗೆ ಎಳ್ಳುನೀರು ಬಿಡದೆ ಮನೆಯಲ್ಲಿ ಮದುವೆ ಮಾಡುವುದು ಹೇಗೆ? ಬದುಕಿದ್ದರೆ, ಬದುಕಿರುವವನಿಗೆ ತಿಥಿ ಮಾಡುವ ಪಾಪ ಕಟ್ಟಿಕೊಳ್ಳುವುದು ಹೇಗೆ? ಮುರಳಿಮೋಹನ್ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಕೊನೆಗೆ ಊರು ದಾರಿ ತೋರಿಸಿತು. ಅಮ್ಮನ್ನ ಕೇಳೋಣ. ಬಲಕ್ಕೆ ಕೊಟ್ಟರೆ ಬದುಕಿದ್ದಾನೆ. ಎಡಕ್ಕೆ ಕೊಟ್ಟರೆ ಓಬಳಮ್ಮನ ಬಳೆ ಒಡೆಸಿ, ಕರ್ಮ ಮಾಡಿ, ಮದುವೆಗೆ ಚಪ್ಪರ ಹಾಕೋಣ.

ಒಂದು ಸೋಮವಾರ ಬಿಸಿಲೇರುವ ಹೊತ್ತಿಗೆ ಗುಡಿ ಮುಂದೆ ಊರು ಸೇರಿತು. ಓಬಳಮ್ಮನನ್ನು ತಲೆಗೆ ಸ್ನಾನ ಮಾಡಿಸಿ ಕರೆತಂದಿದ್ದರು. ಅವಳು ಬಾಗಿಲಿನ ಎದುರಿಗೆ ಮೊಣಕಾಲೂರಿ ಕೂತಿದ್ದಳು. ಎಡಗೈಯನ್ನು ಬಲಗೈಲಿ ಹಿಡಿದುಕೊಂಡಿದ್ದಳು, ಬಳೆಗಳ ಮೇಲೆ.

ಮುನಿವೆಂಕಟಪ್ಪ ನೀರು ಸೇದಿ ತಂದ. ಮುಖ ತೊಳೆದ. ಹೂ ಇಟ್ಟ. ಹಿಂದಕ್ಕೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ. ಮುರಳಿಮೋಹನ್ ಕೈಮುಗಿದು ಕೇಳಿದ. "ಅಮ್ಮಾ, ನಮ್ಮ ಮೋಹನ ಇದ್ದರೆ ಬಲಗಡೆ ಕೊಡು ತಾಯಿ, ಇಲ್ಲದಿದ್ರೆ ಎಡಗಡೆ ಕೊಡು."

ಗಂಟೆ ಕೂಡ ಅಲ್ಲಾಡಲಿಲ್ಲ. ಕಲ್ಲು ಆರತೊಡಗಿತು. ನಾನು ನೋಡುತ್ತಿದ್ದ ಕಡೆಯಿಂದ ಎಡಗಡೆಯ ಹೂವಿನ ಒಂದು ಎಸಳು ಕಲ್ಲು ಬಿಟ್ಟಿದ್ದು ಕಂಡಿತು. ಬಲದ್ದೂ ಬಿಟ್ಟಿತ್ತೋ ಏನೋ, ನನಗೆ ಕಾಣಲಿಲ್ಲ. ಮುನಿವೆಂಕಟಪ್ಪ ಹೂ ನೋಡುತ್ತಿರಲಿಲ್ಲ. ಓಬಳಮ್ಮನ ಕೈ ನೋಡುತ್ತಿದ್ದ. ನೋಡುನೋಡುತ್ತಲೇ ಗೋಡೆ ಬಿಟ್ಟು ಮುಂದಕ್ಕೆ ಬಂದ. ಎರಡು ಕೈಯನ್ನೂ ಚಾಚಿ ಎರಡು ಹೂವನ್ನೂ ಒಟ್ಟಿಗೆ ತೆಗೆದು ತನ್ನ ಪಂಚೆಯ ಮಡಿಲಿಗೆ ಹಾಕಿಕೊಂಡುಬಿಟ್ಟ.

ಅಮ್ಮನಿಗೆ ಇಟ್ಟ ಹೂವನ್ನು ಪೂಜಾರಿಯೇ ಕೈಯಾರೆ ತೆಗೆದದ್ದನ್ನು ನಮ್ಮ ಊರಲ್ಲಿ ಯಾರೂ ಕಂಡಿರಲಿಲ್ಲ.

"ಮಾಮಾ! ಮೀಕೇಮೈನಾ ಪಿಚ್ಚಾ?" ಎಂದು ಮುರಳಿಮೋಹನ್ ಚೀರಿದ. ಸಿಟ್ಟು ಬಂದರೆ ಅವನಿಗೆ ತೆಲುಗೇ ಬರುವುದು. ಹುಚ್ಚು ಗಿಚ್ಚು ಹಿಡಿದಿದೆಯಾ ಎಂದು ಕೇಳಿದ.

"ಇದು ಹೂವಿಗೆ ಕೇಳೋ ಮಾತಲ್ಲ ಕಣಪ್ಪ" ಎಂದ ಮುನಿವೆಂಕಟಪ್ಪ. "ನಿನ್ನ ತಮ್ಮ ಎಲ್ಲೋ ಉಸಿರಾಡ್ತಾ ಇರ್ಬೇಕು, ಇಲ್ಲ ಅಂದ್ರೆ ಮಣ್ಣಾಗಿರ್ಬೇಕು. ಯಾವುದು ಅಂತ ನಂಗೊತ್ತಿಲ್ಲ."

"ನಿಂಗೆ ಗೊತ್ತಿಲ್ದಿದ್ರೆ ಏನಾಯ್ತು? ಅಮ್ಮನಿಗೆ ಗೊತ್ತಲ್ಲ!"

"ಅವಳಿಗೆ ಗೊತ್ತಿದೆ ಅಂತ ನನಗೆ ಹೆಂಗಪ್ಪಾ ಗೊತ್ತು?"

ಅಷ್ಟೇ ಅವನು ಆಡಿದ್ದು. ಓಬಳಮ್ಮ ಎದ್ದಳು. ಸೆರಗು ಕೊಡವಿಕೊಂಡು ಯಾರ ಮುಖವನ್ನೂ ನೋಡದೆ ತೋಟದ ಕಡೆ ಹೊರಟುಹೋದಳು. ಬೇಲಿ ದಾಟುವ ತನಕ ಬಳೆಯ ಸದ್ದು ಕೇಳುತ್ತಿತ್ತು.

ಆ ವಾರವೇ ಅರಳಿಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಅಮ್ಮನಿಗೇ ಗೊತ್ತಿಲ್ಲ ಅಂದವನು ಅವಳ ಮೈ ಹೆಂಗೆ ಮುಟ್ಟುತ್ತಾನೆ, ಇವನು ನಾಸ್ತಿಕ ಎಂದರು. ಹಿರಿಯರು ಒಂದು ಕಿಂಡಿ ಬಿಟ್ಟುಕೊಟ್ಟರು. ತಪ್ಪುಕಾಣಿಕೆ ಇಟ್ಟು, 'ಅಮ್ಮನಿಗೆ ಗೊತ್ತು, ನನ್ನ ಬಾಯಿ ತಪ್ಪಿತು' ಎಂದರೆ ಸಾಕು. ನಾನೂ ಕಿವಿಯಲ್ಲಿ ಹೇಳಿದೆ. "ಅಂದ್ಬಿಡೋ ಮಾರಾಯ, ನಿನ್ನ ಗಂಟೇನು ಹೋಗುತ್ತೆ?"

"ಸುಳ್ಳಾಗುತ್ತಲ್ಲೋ" ಎಂದ.

ಗುಡಿಯ ಬೀಗದ ಕೈ ಅವನ ದಾಯಾದಿಯ ಮನೆಗೆ ಹೋಯಿತು. ಚಿಕ್ಕವೆಂಕಟಮ್ಮ ಒಲೆ ಮುಂದೆ ಕೂತು ಊರಿಗೆ ಕೇಳುವ ಹಾಗೆ ಬೈದಳು. "ಒಂದು ಹೂ ಬೀಳೋ ಗಂಟ ಬಾಯಿ ಮುಚ್ಕೊಂಡು ನಿಂತ್ಕೊಳಕ್ಕೆ ಆಗ್ಲಿಲ್ವಾ ಈ ಮನುಷ್ಯಂಗೆ? ಯಾರ್ದೋ ಬಳೆ ಉಳಿಸಕ್ಕೋಗಿ ನಮ್ಮನೆ ದೇವ್ರನ್ನ ದಾಟಿಸ್ಬಿಟ್ನಲ್ಲ!" ಅವನು ಮುದ್ದೆ ಮುರಿದು ಉಂಡ. ಮಾರನೆಯ ಬೆಳಿಗ್ಗೆ ಎಂದಿನಂತೆ ಬಾವಿಗೆ ಹೋದ. ಒಂದು ಬಿಂದಿಗೆ ನೀರು ಸೇದಿ ಗುಡಿಯ ಹೊಸಲ ಹೊರಗೆ ಇಟ್ಟು ಬಂದ. ಹೊಸ ಪೂಜಾರಿಗೆ ಸೇದುವುದು ತಪ್ಪಿತು, ಅವನು ಬೇಡವೆನ್ನಲಿಲ್ಲ. ಸಾಯುವ ತನಕ ಅದು ಹಾಗೆಯೇ ನಡೆಯಿತು.

ನನಗೆ ಆ ನಾಸ್ತಿಕ ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಾಯಿತು. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕನೇ ಕ್ಲಾಸಿನ ತನಕ. ಮಿಕ್ಕದ್ದೆಲ್ಲ ನನ್ನಷ್ಟಕ್ಕೆ ನಾನೇ ಕಲಿತದ್ದು, ಇಂಗ್ಲಿಷು ಕೂಡ. ಮಾತಿಗೆ ಬೇರು ಇರುತ್ತದೆ, ಬೇರು ಕೆದಕಿದರೆ ಅದು ಯಾವ ಹೊಲದ್ದು ಎಂದು ತಿಳಿಯುತ್ತದೆ ಎಂಬುದಷ್ಟನ್ನು ಬಲ್ಲೆ. ಚಿಂತಾಮಣಿಯಲ್ಲಿ ನನ್ನ ಗೆಳೆಯ ನಲ್ಲಪ್ಪನ ಮನೆಯಿದೆ. ಬುದ್ಧನನ್ನು ನೆಚ್ಚಿದ ಮನೆ ಅದು. ಮಗಳು ಸಂಘಮಿತ್ರ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಬಸ್ಸು ಹತ್ತಿ ಅವಳ ಹತ್ತಿರ ಹೋದೆ.

"ನಾಸ್ತಿಕ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಮ್ಮ ಅಂತಾರೆ?"

"ಎಥೀಸ್ಟ್ ಅಂತಾರೆ ತಾತ. ಯಾಕೆ, ಈ ವಯಸ್ಸಲ್ಲಿ ಪಾರ್ಟಿ ಚೇಂಜ್ ಮಾಡ್ತಿದ್ದೀರಾ?"

ನಡೆದದ್ದನ್ನು ಹೇಳಿದೆ. ಅವಳ ನಗು ನಿಂತಿತು. ಒಳಗೆ ಹೋಗಿ ದಪ್ಪ ನಿಘಂಟು ತಂದಳು. "ಹಂಗಾದ್ರೆ ಎಥೀಸ್ಟ್ ಅಲ್ಲ ತಾತ. ಅದು ಗ್ರೀಕರ ಮಾತು, ದೇವರಿಲ್ಲದವನು ಅಂತ. ಮುನಿವೆಂಕಟಪ್ಪ ತಾತ ದೇವರಿಲ್ಲ ಅಂದ್ರಾ?"

"ಅವನೆಲ್ಲಿ ಅಂತಾನೆ? ಬೆಳಗಾದ್ರೆ ನೀರು ಹೊರ್ತಾನೆ."

"ಅಗ್ನಾಸ್ಟಿಕ್ ಅಂತ ಇನ್ನೊಂದು ಮಾತಿದೆ" ಎಂದು ಹಾಳೆ ತಿರುವಿದಳು.

ಆ ಮಾತಿನ ಕಥೆ ಅವಳು ಹೇಳಿದ್ದು ಹೀಗೆ. ಅದು ಹಳೇ ಬೇರಿಗೆ ಕಸಿ ಕಟ್ಟಿದ ಹೊಸ ಕೊಂಬೆ. ಈಗ್ಗೆ ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಜೀವಿಗಳ ಒಡಲು ಸೀಳಿ ಪರೀಕ್ಷೆ ಮಾಡುತ್ತಿದ್ದ ಒಬ್ಬ ವಿಜ್ಞಾನಿ ಇದ್ದ. ಅವನ ಗೆಳೆಯರ ಕೂಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮತ, ಒಂದೊಂದು ವಾದ, ಅದಕ್ಕೊಂದು ಹೆಸರು. ಇವನಿಗೆ ಮಾತ್ರ ಯಾವ ಹೆಸರೂ ಇಲ್ಲ. ಬಾಲ ಇರುವ ನರಿಗಳ ನಡುವೆ ಬಾಲ ಕತ್ತರಿಸಿಕೊಂಡ ನರಿಯ ಪಾಡಾಯಿತಂತೆ. ಆಗ ತನಗೆ ತಾನೇ ಒಂದು ಬಾಲ ಮಾಡಿಕೊಂಡ, ಅಗ್ನಾಸ್ಟಿಕ್ ಎಂದು. ಹಿಂದೆ ಒಂದು ಕಾಲದಲ್ಲಿ ದೇವರ ಗುಟ್ಟೆಲ್ಲ ನಮಗೆ ಗೊತ್ತು ಎನ್ನುತ್ತಿದ್ದ ಪಂಗಡದವರಿದ್ದರು. ಗ್ರೀಕಿನಲ್ಲಿ ಅರಿವಿಗೆ ಇರುವ ಮಾತಿನಿಂದಲೇ ಅವರಿಗೆ ಹೆಸರು ಬಂದಿತ್ತು. ಅವರು ಗೊತ್ತೆಂದು ಹೇಳಿದ ಸಂಗತಿಗಳೇ ನನಗೆ ಗೊತ್ತಿಲ್ಲದವು ಎಂದು ಈತ ಅದರ ಮೊದಲಿಗೆ ಒಂದು 'ಅ' ಸೇರಿಸಿದ. ನಮ್ಮ ಅಜ್ಞಾನದಲ್ಲಿರುವ 'ಅ' ಅದು. ಗ್ರೀಕಿನ ಆ ಬೇರೂ ನಮ್ಮ ಜ್ಞಾನದ ಬೇರೂ ಒಂದೇ ತಾಯಿಯ ಮಕ್ಕಳು.

"ಇನ್ನೊಂದು ಕಥೆನೂ ಇದೆ ತಾತ. ಅಥೆನ್ಸ್ ಊರಲ್ಲಿ ಒಂದು ಬಲಿಪೀಠ ಇತ್ತಂತೆ. ಯಾವ ದೇವರದು ಅಂತ ಯಾರಿಗೂ ಗೊತ್ತಿಲ್ಲ. 'ಅರಿಯದ ದೇವರಿಗೆ' ಅಂತ ಅದರ ಮೇಲೆ ಕೆತ್ತಿದ್ದರಂತೆ. ಆ ಬರಹದಿಂದಲೇ ಈ ಹೆಸರು ತಗೊಂಡ ಅಂತ ಕೆಲವರು ಹೇಳ್ತಾರೆ."

"ಅದು ನಿಜವಾ?"

"ಗೊತ್ತಿಲ್ಲ" ಎಂದವಳು ನಾಲಿಗೆ ಕಚ್ಚಿಕೊಂಡು ನಕ್ಕಳು.

ಅಡ್ಡಗೋಡೆ ಮೇಲೆ ದೀಪ ಇಡುವವರಿಗೂ ಈಗೀಗ ಜನ ಅಗ್ನಾಸ್ಟಿಕ್ ಎಂದುಬಿಡುತ್ತಾರೆ, ಅದು ಸರಿಯಲ್ಲ ಎಂದೂ ಹೇಳಿದಳು. ಮಾತು ಹುಟ್ಟಿಸಿದವನ ಪ್ರಕಾರ ಅದು ಆ ಕಡೆಯೂ ಈ ಕಡೆಯೂ ಸಲ್ಲುವ ಜಾಣತನವಲ್ಲ. ಆಧಾರ ಇಲ್ಲದ್ದನ್ನು ಗೊತ್ತು ಎಂದು ಹೇಳಬಾರದು ಎಂಬ ಒಂದು ವ್ರತ. "ನಮ್ಮ ಬುದ್ಧರೂ ಕೆಲವು ಪ್ರಶ್ನೆ ಕೇಳಿದಾಗ ಉತ್ತರ ಕೊಡದೆ ಸುಮ್ಮನೆ ಕೂತುಬಿಡ್ತಿದ್ರು ತಾತ. ಆ ಉತ್ತರದಿಂದ ಯಾರ ನೋವೂ ಕಮ್ಮಿ ಆಗಲ್ಲ ಅಂತ."

ಗೆದ್ದ ಜಟ್ಟಿಯ ಹಾಗೆ ಊರಿಗೆ ಬಂದೆ. ಮುನಿವೆಂಕಟಪ್ಪ ಹುಳುಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದ. ನರಿಯ ಕಥೆ, ಪೀಠದ ಕಥೆ, 'ಅ'ಕಾರದ ಕಥೆ ಎಲ್ಲ ಹೇಳಿದೆ. "ನೀನು ನಾಸ್ತಿಕ ಅಲ್ಲ ಕಣೋ, ಅಗ್ನಾಸ್ಟಿಕ್ಕು!"

ಅವನು ಮಾತನ್ನು ಬಾಯಲ್ಲಿ ಒಂದು ಸಲ ಆಡಿಸಿ ನೋಡಿದ. "ಆ ದೊರೆ ನೀರು ಸೇದ್ತಿದ್ನಾ?"

"ಯಾವ ನೀರು?"

"ಪೂಜೆಗೆ."

"ಇಲ್ಲಪ್ಪ, ಅವನು ಪೂಜೆ ಗೀಜೆ ಮಾಡ್ದೋನಲ್ಲ."

"ಹಂಗಾದ್ರೆ ಆ ಬಾಲ ನನಗೆ ಅರ್ಧಕ್ಕೇ ಅಂಟುತ್ತೆ ಬಿಡು" ಎಂದ. ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಇನ್ನೊಂದು ತಟ್ಟೆಗೆ ಸೊಪ್ಪು ಹರಡುತ್ತಾ ಹೇಳಿದ. "ಬೋರು ಕೊರೆಸ್ಲಾ ಅಂತ ಕೇಳ್ತಾರೆ. ಹೂ ಬಲಕ್ಕೆ ಬೀಳುತ್ತೆ, ನೀರು ಬರಲ್ಲ. ಅಮ್ಮ ಯಾಕೋ ಮುನಿದಳು ಅಂದ್ಕೊಂಡು ಇನ್ನೊಂದು ಕಡೆ ಕೊರೆಸ್ತಾರೆ. ಒಡೆದ ಬಳೆ ಮತ್ತೆ ಕೂಡುತ್ತೇನೋ? ನಾಳೆ ಆ ಮೋಹನ ಬಾಗಿಲಿಗೆ ಬಂದು ನಿಂತ್ರೆ ನಾನು ಯಾವ ಹೂ ತೋರಿಸ್ಲಿ?"

ಅವನು ಅಂದುಕೊಂಡಷ್ಟು ಹಸನಾಗಿ ಅದು ಮುಗಿಯಲಿಲ್ಲ. ಮುರಳಿಮೋಹನ್ ಮಗಳ ಮದುವೆಯನ್ನು ಚಿಂತಾಮಣಿಯ ಛತ್ರದಲ್ಲಿ ಮಾಡಿದ. ಓಬಳಮ್ಮನ ಬಳೆ ಉಳಿಯಿತು, ಆದರೆ ಅವಳನ್ನು ಹಸೆಯ ಹತ್ತಿರ ಯಾರೂ ಕರೆಯಲಿಲ್ಲ. ಊರಲ್ಲಿ ಅರಿಶಿನ ಕುಂಕುಮಕ್ಕೆ ಕರೆಯಲು ಹೊರಟ ಹೆಂಗಸರು ಅವಳ ಬಾಗಿಲು ದಾಟಿ ಮುಂದಿನ ಮನೆಗೆ ಹೋಗುತ್ತಿದ್ದರು. ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಅದು ಮುನಿವೆಂಕಟಪ್ಪನ ಕಿವಿಗೆ ಬಿದ್ದ ದಿನ ಅವನು ಊಟ ಬಿಟ್ಟ. "ಅವಳನ್ನ ಉಳಿಸ್ದೆ ಅಂದ್ಕೊಂಡೆ ಕಣೋ. ಅಡ್ಡಗೋಡೆ ಮೇಲೆ ಇಟ್ಟುಬಂದ್ನೇನೋ" ಎಂದ. ಹೂ ತೆಗೆದದ್ದಕ್ಕೆ ಅವನು ಕೊರಗಿದ್ದನ್ನು ನಾನು ನೋಡಲಿಲ್ಲ. ಇದಕ್ಕೆ ಕೊನೆಯ ತನಕ ಕೊರಗಿದ.

ಅವನ ಪರವಾಗಿ ಒಂದು ದಿನ ನಾನೇ ಓಬಳಮ್ಮನನ್ನು ಕೇಳಿದೆ. ಸೊಪ್ಪಿನ ಹೊರೆ ಕಟ್ಟುತ್ತಿದ್ದಳು. "ಅವನು ಹಂಗೆ ಮಾಡಿದ್ದು ನಿನಗೆ ಒಳ್ಳೇದಾಯ್ತೋ ಕೆಟ್ಟದ್ದಾಯ್ತೋ ತಾಯಿ?"

ಅವಳು ಹೊರೆಯ ಮೇಲೆ ಮೊಣಕಾಲು ಊರಿ ಹಗ್ಗ ಬಿಗಿದಳು. "ಸತ್ತ ಅನ್ನೋರು ಸತ್ತ ಅಂತಿದ್ರು ಮಾವ. ಎಲ್ಲೋ ಅವ್ನೆ ಬಿಡು, ಇನ್ನೊಬ್ಳನ್ನ ಕಟ್ಕೊಂಡವ್ನೆ ಅನ್ನೋರು ಹಂಗಂತಿದ್ರು. ಎಲ್ರಿಗೂ ಗೊತ್ತಿತ್ತು. ಗೊತ್ತಿಲ್ದೋಳು ಊರಿಗೆ ನಾನೊಬ್ಳೇ ಆಗಿದ್ದೆ. ಅವತ್ತು ಇನ್ನೊಬ್ರು ಸಿಕ್ಕಿದ್ರು."

ಈ ಮಾತನ್ನು ನಾನು ಮುನಿವೆಂಕಟಪ್ಪನಿಗೆ ಮುಟ್ಟಿಸಿದೆ. ಕೇಳಿಸಿಕೊಂಡ. ಎದ್ದು ಹುಳುಗಳಿಗೆ ಸೊಪ್ಪು ಹಾಕಲು ಹೋದ.

ಸುಗ್ಗಿಯಲ್ಲಿ ಎದೆನೋವು ಬಂದು ಅವನು ಹೋದ. ಅವನ ತೋಟದ ಬದುವಿನಲ್ಲೇ ಮಣ್ಣು ಮಾಡಿದೆವು. ತಿಥಿಯ ದಿನ ಚಿಕ್ಕವೆಂಕಟಮ್ಮನನ್ನು ನಡುಮನೆಯಲ್ಲಿ ಕೂರಿಸಿದರು. ನಮ್ಮಲ್ಲಿ ಗಂಡ ಸತ್ತವಳ ಬಳೆ ತೆಗೆಯುವ ಮುಂಚೆ ಮುತ್ತೈದೆಯರು ಸೇರಿ ಕೊನೆಯ ಸಲ ಅವಳಿಗೆ ಹೂ ಮುಡಿಸಿ, ಬಳೆ ತೊಡಿಸಿ, ಅರಿಶಿನ ಕುಂಕುಮ ಇಡುತ್ತಾರೆ. ಒಬ್ಬೊಬ್ಬರಾಗಿ ಇಟ್ಟು ಅಳುತ್ತಾ ಏಳುತ್ತಿದ್ದರು. ನಾವು ಗಂಡಸರು ಜಗಲಿಯ ಮೇಲಿದ್ದೆವು. ಓಬಳಮ್ಮ ಹೊಸಲಿನ ಆಚೆ, ಚಪ್ಪಲಿಗಳ ಹತ್ತಿರ ನಿಂತಿದ್ದಳು. ಅವಳು ಒಳಗೆ ಹೋಗಬೇಕೆಂದೂ ಯಾರೂ ಅನ್ನಲಿಲ್ಲ, ಹೊರಗಿರಬೇಕೆಂದೂ ಅನ್ನಲಿಲ್ಲ.

ಚಿಕ್ಕವೆಂಕಟಮ್ಮ ತಲೆಯೆತ್ತಿ ನೋಡಿದಳು. "ಓಬಳಮ್ಮ, ಒಳಗೆ ಬಾರಮ್ಮ. ನೀನೂ ಇಡು."

ಪಕ್ಕದಲ್ಲಿ ತಟ್ಟೆ ಹಿಡಿದಿದ್ದ ಹಿರಿಯಳು ಅಕ್ಕಯ್ಯಮ್ಮ ಬಗ್ಗಿ ಪಿಸುಗುಟ್ಟಿದಳು. ಆದರೆ ಅವಳ ಪಿಸುಮಾತು ಮೂರು ಮನೆಗೆ ಕೇಳುವಂಥದ್ದು. "ಏನೇ ಚಿಕ್ಕೆಂಕಟಮ್ಮ, ಅವಳು ಮುತ್ತೈದೆ ಹೌದೋ ಅಲ್ವೋ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ" ಎಂದಳು ಚಿಕ್ಕವೆಂಕಟಮ್ಮ. ಗಂಡನ ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಮ್ಮ ಯಜಮಾನ್ರು ಅಮ್ಮನ ಮುಂದೇನೇ ನಿಂತ್ಕೊಂಡು ಹೇಳ್ಲಿಲ್ವಾ, ಗೊತ್ತಿಲ್ಲ ಅಂತ? ಗೊತ್ತಿಲ್ದಿದ್ರೆ ಕರೀಬೇಕು ಕಣಕ್ಕ. ಬಿಟ್ಟು ಹೋಗಬಾರ್ದು."

ಅಕ್ಕಯ್ಯಮ್ಮ ತಟ್ಟೆಯನ್ನು ಮುಂದಕ್ಕೆ ಚಾಚಿದಳು.

ಓಬಳಮ್ಮ ಒಳಗೆ ಹೋಗಿ ಕೂತಳು. ಕುಂಕುಮಕ್ಕೆ ಬೆರಳು ಹಾಕಿದಳು. ಬಳೆಗಳು ಒಂದಕ್ಕೊಂದು ತಾಗುತ್ತಿದ್ದವು. ಹಣೆಗೆ ಇಡುವಾಗ ಒಂದು ಚಿಟಿಕೆ ಚಿಕ್ಕವೆಂಕಟಮ್ಮನ ಮೂಗಿನ ಮೇಲೆ ಉದುರಿತು. ಹಾಗೆ ಉದುರಿದರೆ ಗಂಡನಿಗೆ ಅವಳ ಮೇಲೆ ಬಲು ಪ್ರೀತಿ ಎಂದು ನಮ್ಮ ಕಡೆ ಹೆಂಗಸರು ಹೇಳುತ್ತಾರೆ. ನಿಜವೋ ಸುಳ್ಳೋ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಚಿಕ್ಕವೆಂಕಟಮ್ಮ ಅದನ್ನು ಒರೆಸಿಕೊಳ್ಳದೆ ಹಾಗೆಯೇ ಕೂತಿದ್ದಳು.